ತಂತಿ ಮತ್ತು ಮಣಿಯ ಆಭರಣ: ಮನೆಯಲ್ಲಿ ಕಲಿಯಬಹುದಾದ ಕೈಕೆಲಸ

ಆಭರಣ ಎಂದೊಡನೆ ನಮ್ಮ ಜನರ ಮನಸ್ಸಿಗೆ ಮೊದಲು ಬರುವುದು ಚಿನ್ನ, ಅದರ ಬೆನ್ನಿಗೇ ಚಿನ್ನದ ದರ. ಆದರೆ ಮಾನವನು ಚಿನ್ನವನ್ನು ಕಾಣುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಮಣಿಯನ್ನು ಧರಿಸುತ್ತಿದ್ದನು. ಚಿಪ್ಪು, ಮೂಳೆ, ಬೀಜ, ಬಣ್ಣದ ಕಲ್ಲು ಹೀಗೆ ತೂತು ಕೊರೆಯಲು ಒಗ್ಗುವ ವಸ್ತು ಯಾವುದು ದೊರೆತರೂ ಅದನ್ನು ನಾರಿನಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವುದು ಅವನ ಅತಿ ಹಳೆಯ ಅಭ್ಯಾಸಗಳಲ್ಲಿ ಒಂದಾಗಿದೆ. ಲೋಹವನ್ನು ತಂತಿಯಾಗಿ ಎಳೆಯುವ ವಿದ್ಯೆ ಬಂದ ಮೇಲೆ ನಾರು ಮಾಡಲಾರದ ಕೆಲಸವನ್ನು ತಂತಿ ಮಾಡತೊಡಗಿತು. ನಾರು ಮಣಿಯನ್ನು ಹೊರುತ್ತದೆ, ಅಷ್ಟೆ. ತಂತಿಯಾದರೋ ಮಣಿಯನ್ನು ಹೊರುವುದರ ಜೊತೆಗೆ ತಾನೇ ಬಾಗಿ ಆಕಾರವಾಗುತ್ತದೆ.

ತಂತಿ ಮತ್ತು ಮಣಿಗಳಿಂದ ಓಲೆ, ಸರ, ಕೈಬಳೆಗಳನ್ನು ಮಾಡುವುದು ಇಂದು ಅನೇಕ ಮನೆಗಳಲ್ಲಿ ಬಿಡುವಿನ ವೇಳೆಯ ಹವ್ಯಾಸವಾಗಿದೆ. ಇದಕ್ಕೆ ಕುಲುಮೆ ಬೇಡ, ಬೆಸುಗೆ ಬೇಡ, ಪ್ರತ್ಯೇಕ ಕೋಣೆಯೂ ಬೇಡ. ಮಹಾನಗರದ ಒಂದೂವರೆ ಕೋಣೆಯ ವಸತಿಯಲ್ಲಿ, ಊಟದ ಮೇಜಿನ ಒಂದು ಮೂಲೆಯಲ್ಲಿ ಈ ಕೆಲಸ ನಡೆಯಬಲ್ಲದು. ಹೀಗಿದ್ದರೂ ಇದನ್ನು ಆರಂಭಿಸಿದವರಲ್ಲಿ ಹಲವರು ಕೆಲವೇ ವಾರಗಳಲ್ಲಿ ಕೈಬಿಡುತ್ತಾರೆ. ಸರ ಕಳಚಿ ಬೀಳುತ್ತದೆ, ಓಲೆ ಹಾಕಿಕೊಂಡ ಕಿವಿ ಕೆರೆಯುತ್ತದೆ, ಕೊಂಡ ತಂತಿ ಮಣಿಯ ತೂತಿನಲ್ಲಿ ತೂರುವುದೇ ಇಲ್ಲ. ಇವುಗಳಿಗೆಲ್ಲ ಕೈಚಳಕದ ಅಭಾವಕ್ಕಿಂತ ಮಿಗಿಲಾಗಿ ವಸ್ತುವಿನ ಪರಿಚಯವಿಲ್ಲದಿರುವುದೇ ಕಾರಣ. ಆದುದರಿಂದ ಮೊದಲು ವಸ್ತುವಿನ ವಿಚಾರ, ಅನಂತರ ಕೈಯ ವಿಚಾರ.

ಮಣಿಯ ಪೂರ್ವಕಥೆ

ಗುಜರಾತಿನ ಲೋಥಲ್‌ನಲ್ಲಿ 1955ರಿಂದ ಮುಂದಿನ ಕೆಲವು ವರ್ಷಗಳ ಕಾಲ ಉತ್ಖನನ ನಡೆಸಿದವರು ಕನ್ನಡಿಗರೇ ಆದ ಪುರಾತತ್ವಜ್ಞ ಡಾ. ಎಸ್. ಆರ್. ರಾವ್ ಅವರು. ಸಿಂಧೂ ನಾಗರಿಕತೆಗೆ ಸೇರಿದ ಆ ಪಟ್ಟಣದಲ್ಲಿ ಮಣಿ ತಯಾರಿಸುವ ಒಂದು ಕಾರ್ಯಾಗಾರವೇ ಬೆಳಕಿಗೆ ಬಂದಿತು. ಅಂಗಳ, ಅದರ ಸುತ್ತ ಕೊಠಡಿಗಳು, ಕಲ್ಲನ್ನು ಕಾಯಿಸುವ ಒಲೆ, ಅರೆಸಿದ್ಧವಾದ ಮಣಿಗಳು ಎಲ್ಲವೂ ಅಲ್ಲಿದ್ದವು. ಅಕೀಕ್ ಜಾತಿಗೆ ಸೇರಿದ ಕಾರ್ನೀಲಿಯನ್ ಎಂಬ ಶಿಲೆಯಲ್ಲಿ ಕಬ್ಬಿಣದ ಅಂಶವಿರುತ್ತದೆ. ಹದವಾಗಿ ಕಾಯಿಸಿದರೆ ಅದರ ಮಂಕು ಬಣ್ಣ ಮಾಯವಾಗಿ ಅಚ್ಚ ಕೆಂಪು ಮೂಡುತ್ತದೆ. ಈ ಗುಟ್ಟನ್ನು ನಾಲ್ಕು ಸಾವಿರ ವರ್ಷಗಳಿಗಿಂತ ಹಿಂದೆಯೇ ಅಲ್ಲಿನ ಕುಶಲಕರ್ಮಿಗಳು ಬಲ್ಲವರಾಗಿದ್ದರು. ಸಿಂಧೂ ನಾಗರಿಕತೆಯ ಉದ್ದನೆಯ ಕೆಂಪು ಮಣಿಗಳು ಮೆಸೊಪೊಟೇಮಿಯದ ಊರ್ ನಗರದ ರಾಜ ಸಮಾಧಿಗಳಲ್ಲಿಯೂ ದೊರೆತಿವೆ. ಕಲ್ಲಿನ ಮೊನೆಯಿಂದ ಅಂತಹ ಒಂದು ಮಣಿಗೆ ತೂತು ಕೊರೆಯುವುದಕ್ಕೆ ದಿನಗಟ್ಟಲೆ ದುಡಿಮೆ ಬೇಕಾಗುತ್ತಿತ್ತು.

ಗಾಜಿನ ಮಣಿಯ ಕಥೆ ದಕ್ಷಿಣಕ್ಕೆ ಸೇರಿದುದು. ಪುದುಚೇರಿಯ ಬಳಿ ಇರುವ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಅಲ್ಲಿ ತಯಾರಾದಂತಹ ಸಣ್ಣ ಗಾಜಿನ ಮಣಿಗಳು ಆಗ್ನೇಯ ಏಷ್ಯಾದ ಅನೇಕ ಕಡೆಗಳಲ್ಲಿ ಕಂಡುಬಂದಿವೆ. ಕರಗಿದ ಗಾಜನ್ನು ಒಳಗೆ ಟೊಳ್ಳಿರುವಂತೆ ಉದ್ದನೆಯ ನಳಿಗೆಯಾಗಿ ಎಳೆದು, ಆ ನಳಿಗೆಯನ್ನು ಚೂರುಚೂರಾಗಿ ಕತ್ತರಿಸಿ, ಮತ್ತೆ ಕಾಯಿಸಿ ಅಂಚುಗಳನ್ನು ದುಂಡಗಾಗಿಸುವುದು ಅದರ ವಿಧಾನ. ಇದೇ ವಿಧಾನವು ಆಂಧ್ರಪ್ರದೇಶದ ಪಾಪಾನಾಯುಡುಪೇಟೆಯಲ್ಲಿ 20ನೆಯ ಶತಮಾನದವರೆಗೂ ಉಳಿದುಬಂದಿತ್ತು. ಉತ್ತರಪ್ರದೇಶದ ವಾರಾಣಸಿ ಮತ್ತು ಪುರ್ದಿಲ್‌ನಗರ ಗಾಜಿನ ಮಣಿಗಳಿಗೆ ಹೆಸರಾದ ಇಂದಿನ ಕೇಂದ್ರಗಳು.

ಕರ್ನಾಟಕದ ಚನ್ನಪಟ್ಟಣವನ್ನು ಎಲ್ಲರೂ ಬಲ್ಲುದು ಬೊಂಬೆಗಳಿಂದ. ಆದರೆ ಅಲ್ಲಿನ ಚರಕಿಯಲ್ಲಿ ತಿರುಗುವ ಹಾಲೆ ಮರದ ತುಂಡಿನಿಂದ ಬಣ್ಣಬಣ್ಣದ ಮಣಿಗಳೂ ಹೊರಬರುತ್ತವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮೇಲೆ ಗರಿಯಿಂದ ಉಜ್ಜಿದರೆ ಹೊಳಪು. ಹಗುರವಾಗಿಯೂ ದೊಡ್ಡ ತೂತುಳ್ಳದ್ದಾಗಿಯೂ ಇರುವ ಈ ಮಣಿ ಹೊಸದಾಗಿ ಕಲಿಯುವವರಿಗೆ ಬಹು ಅನುಕೂಲ. ದಪ್ಪ ತಂತಿ ಸಲೀಸಾಗಿ ತೂರುತ್ತದೆ, ಕೈಜಾರಿ ನೆಲಕ್ಕೆ ಬಿದ್ದರೂ ಒಡೆಯುವುದಿಲ್ಲ. ನೀರಿನಲ್ಲಿ ನೆನೆಯಿಸುವುದು ಮಾತ್ರ ಸಲ್ಲದು.

ತಂತಿಯ ನಂಬರು

ಅಂಗಡಿಯಲ್ಲಿ ತಂತಿ ಕೊಳ್ಳಲು ಹೋದವರಿಗೆ ಮೊದಲ ಗೊಂದಲ ಎದುರಾಗುವುದು ನಂಬರಿನಲ್ಲಿ. 18ನೆಯ ನಂಬರಿಗಿಂತ 24ನೆಯ ನಂಬರಿನ ತಂತಿ ತೆಳು. ಇದು ತಲೆಕೆಳಗಾದ ಲೆಕ್ಕದಂತೆ ತೋರಿದರೂ ಇದಕ್ಕೆ ಕಾರಣವಿದೆ. ನಮ್ಮ ಅಕ್ಕಸಾಲಿಗರು ಕಂಬಚ್ಚು ಎನ್ನುವ ಉಕ್ಕಿನ ಫಲಕವನ್ನು ಬಳಸುತ್ತಾರೆ. ಅದರಲ್ಲಿ ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳ ಸಾಲು ಇರುತ್ತದೆ. ಲೋಹದ ಕಡ್ಡಿಯನ್ನು ಮೊದಲು ದೊಡ್ಡ ರಂಧ್ರದಲ್ಲಿ, ಅನಂತರ ಅದಕ್ಕಿಂತ ಚಿಕ್ಕದರಲ್ಲಿ, ಹೀಗೆ ಸಾಲಾಗಿ ಎಳೆಯುತ್ತ ಹೋದಂತೆ ತಂತಿ ತೆಳುವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿಯೂ ತಂತಿ ಎಳೆಯುವ ಕ್ರಮ ಇದೇ. ಎಳೆತಗಳ ಎಣಿಕೆ ಹೆಚ್ಚಿದಂತೆ ತಂತಿಯ ದಪ್ಪ ಕಡಿಮೆಯಾಗುವುದರಿಂದ ಗೇಜ್ ಎಂಬ ಅಳತೆಯಲ್ಲಿ ನಂಬರು ಏರಿದಂತೆ ತಂತಿ ಇಳಿಯುತ್ತದೆ.

ಇನ್ನೊಂದು ತೊಡಕು ಇದೆ. ಭಾರತದ ಅಂಗಡಿಗಳಲ್ಲಿ ಬಹುಮಟ್ಟಿಗೆ ರೂಢಿಯಲ್ಲಿರುವುದು ಎಸ್‌ಡಬ್ಲ್ಯುಜಿ ಎಂಬ ಬ್ರಿಟಿಷ್ ಕ್ರಮ. ಹವ್ಯಾಸಿಗಳಿಗೆಂದು ಸಣ್ಣ ಸುರುಳಿಗಳಲ್ಲಿ ಬರುವ ಆಮದು ತಂತಿಯ ಮೇಲೆ ಅಮೆರಿಕನ್ ಕ್ರಮದ ನಂಬರು ಇರುವುದುಂಟು. ಬ್ರಿಟಿಷ್ ಕ್ರಮದ 20ನೆಯ ನಂಬರು 0.914 ಮಿಲಿಮೀಟರ್, ಅಮೆರಿಕನ್ ಕ್ರಮದ 20ನೆಯ ನಂಬರು 0.812 ಮಿಲಿಮೀಟರ್. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಮಣಿಯ ತೂತಿನ ಮುಂದೆ ಆ ಕೂದಲೆಳೆಯೇ ದೊಡ್ಡದು. ಆದುದರಿಂದ ನಂಬರನ್ನು ಬಿಟ್ಟು ಮಿಲಿಮೀಟರಿನಲ್ಲಿ ಕೇಳುವುದೇ ಲೇಸು. ಅದಕ್ಕಿಂತಲೂ ಉತ್ತಮ ಉಪಾಯವೆಂದರೆ ಬಳಸಬೇಕೆಂದಿರುವ ಮಣಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತಂತಿಯನ್ನು ಅಲ್ಲಿಯೇ ತೂರಿಸಿ ನೋಡುವುದು.

ಬ್ರಿಟಿಷ್ ಕ್ರಮದ 22ನೆಯ ನಂಬರು, ಅಂದರೆ ಸುಮಾರು 0.7 ಮಿಲಿಮೀಟರ್ ದಪ್ಪದ ತಂತಿ, ಮಣಿಗಳ ಕುಣಿಕೆಗೆ ಸಾಧಾರಣವಾಗಿ ಹೊಂದುತ್ತದೆ. ಕೊಂಡಿ, ಬಳೆಗಳಿಗೆ 18 ಅಥವಾ 20. ಮುತ್ತಿನ ತೂತು ತೀರ ಕಿರಿದು. ಅದಕ್ಕೆ 26ನೆಯ ನಂಬರಿನ ತಂತಿ, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ತೆಳುವಾದುದು ಬೇಕು. ಸಣ್ಣ ಗಾಜಿನ ಮಣಿಗಳಿಗೂ ಇದೇ ತಲೆಕೆಳಗಾದ ನಂಬರು ಇದೆಯೆಂಬುದನ್ನು ಇಲ್ಲಿಯೇ ಹೇಳಬಹುದು. 11ನೆಯ ನಂಬರಿನ ಮಣಿ ಸುಮಾರು 2 ಮಿಲಿಮೀಟರ್, 8ನೆಯ ನಂಬರಿನದು ಸುಮಾರು 3 ಮಿಲಿಮೀಟರ್.

ಯಾವ ಲೋಹ?

ಕಲಿಯಲು ತಾಮ್ರವೇ ಸರಿ. ಮೆತ್ತಗೆ ಬಾಗುತ್ತದೆ, ತಪ್ಪಿದರೆ ನಷ್ಟವೂ ಹೆಚ್ಚಿಲ್ಲ. ಮೋಟಾರ್ ರೀವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ತಾಮ್ರದ ತಂತಿಯನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. 20ನೆಯ ನಂಬರಿನ ತಾಮ್ರದ ತಂತಿ ಮೀಟರಿಗೆ ಸುಮಾರು 6 ಗ್ರಾಂ ತೂಗುತ್ತದೆ. 100 ಗ್ರಾಂ ಕೊಂಡರೆ ಸುಮಾರು 17 ಮೀಟರ್. 22ನೆಯ ನಂಬರಾದರೆ 28 ಮೀಟರ್. ಒಬ್ಬರ ಕಲಿಕೆಗೆ ಇದು ಧಾರಾಳವಾಯಿತು. ಈ ತಂತಿಯ ಮೇಲೆ ತೆಳುವಾದ ಎನಾಮೆಲ್ ಲೇಪನವಿರುತ್ತದೆ. ಆ ಲೇಪನ ಇರುವವರೆಗೆ ತಾಮ್ರ ಕಪ್ಪಾಗುವುದಿಲ್ಲ, ಆದರೆ ಇಕ್ಕಳದ ಹಲ್ಲು ತಾಕಿದ ಕಡೆಗಳಲ್ಲಿ ಅದು ಗೀಚಿಹೋಗುತ್ತದೆ. ಈ ಲೇಪನವನ್ನಾಗಲಿ ಮನೆಯ ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನಾಗಲಿ ಸುಟ್ಟು ತೆಗೆಯುವ ಸಾಹಸಕ್ಕೆ ಎಂದಿಗೂ ಕೈಹಾಕಬಾರದು. ಸುಟ್ಟ ಪಿವಿಸಿಯಿಂದ ಹೊರಡುವ ಹೊಗೆ ಆಮ್ಲಯುಕ್ತವಾದುದು, ಶ್ವಾಸಕೋಶಕ್ಕೆ ಅಪಾಯಕಾರಿ. ಚಾಕುವಿನಿಂದ ಹೆರೆದು ತೆಗೆಯಬಹುದು, ಅಥವಾ ಬರಿಯ ತಾಮ್ರದ ತಂತಿಯನ್ನೇ ಕೇಳಿ ಪಡೆಯಬಹುದು.

ಹಿತ್ತಾಳೆ ತಾಮ್ರಕ್ಕಿಂತ ಬಿರುಸು. ಅಲ್ಯೂಮಿನಿಯಂ ಬಹಳ ಮೆದು, ಒಮ್ಮೆ ಕೊಟ್ಟ ಆಕಾರವನ್ನು ಭಾರದಡಿಯಲ್ಲಿ ಉಳಿಸಿಕೊಳ್ಳುವುದಿಲ್ಲ. ಜರ್ಮನ್ ಸಿಲ್ವರ್ ಎಂಬ ಹೆಸರಿನಲ್ಲಿ ಬೆಳ್ಳಿ ಇದೆಯೇ ಹೊರತು ಲೋಹದಲ್ಲಿ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ನಿಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಓಲೆ ತೊಟ್ಟ ಎರಡು ದಿನಕ್ಕೆ ಕಿವಿಹಾಲೆ ಕೆಂಪಾಗಿ ನೀರಾಡಿದರೆ ಬಹುವೇಳೆ ದೋಷ ಇದರದೇ ಆಗಿರುತ್ತದೆ. ಒಮ್ಮೆ ಈ ಒಗ್ಗದಿಕೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆಂಬುದನ್ನು ಮರೆಯಬಾರದು. ಉಳಿದ ಆಭರಣ ಯಾವ ಲೋಹದ್ದಾದರೂ ಇರಲಿ, ಕಿವಿಯ ತೂತಿನೊಳಗೆ ಹೋಗುವ ಕೊಕ್ಕೆಯನ್ನು ಮಾತ್ರ 92.5 ಶೇಕಡಾ ಶುದ್ಧತೆಯ ಬೆಳ್ಳಿಯಿಂದ ಅಥವಾ ಚಿನ್ನದಿಂದ ಮಾಡುವುದು ಕ್ಷೇಮಕರ. ಅದರ ತುದಿಯನ್ನು ಅರದಿಂದ ಉಜ್ಜಿ ಬೆರಳಿಗೆ ತಾಕಿದರೂ ತಿಳಿಯದಷ್ಟು ನಯಗೊಳಿಸಬೇಕು.

ತಾಮ್ರ ತೊಟ್ಟ ಕಡೆ ಚರ್ಮ ಹಸಿರಾಗುವುದನ್ನು ಕಂಡು ಕೆಲವರು ಗಾಬರಿಗೊಳ್ಳುತ್ತಾರೆ. ಬೆವರಿನೊಡನೆ ತಾಮ್ರ ವರ್ತಿಸಿ ಉಂಟಾಗುವ ಲವಣದ ಬಣ್ಣವದು. ಸಾಬೂನಿನಿಂದ ತೊಳೆದರೆ ಹೋಗುತ್ತದೆ.

ತಂತಿ ಏಕೆ ಮುರಿಯುತ್ತದೆ?

ಒಂದು ತುಂಡು ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಹೋದರೆ ಮೊದಲ ಎರಡು ಸಲ ಸುಲಭವಾಗಿ ಬಾಗುತ್ತದೆ. ಅನಂತರ ಬಿಗುವಾಗುತ್ತದೆ. ಕೆಲವು ಸಲದ ಮೇಲೆ ಚಟ್ಟನೆ ಮುರಿಯುತ್ತದೆ. ಲೋಹದ ಒಳಗಿನ ಹರಳುಗಳು ಬಾಗಿದಾಗಲೆಲ್ಲ ಒಂದಕ್ಕೊಂದು ಸಿಕ್ಕಿಕೊಂಡು ಸರಿದಾಡುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಕಲಿಯುವವರು ಮೊದಲ ದಿನವೇ ಈ ಪ್ರಯೋಗವನ್ನು ಬೇಕೆಂದೇ ಮಾಡಿ ನೋಡತಕ್ಕದ್ದು. ತಪ್ಪಾದ ಕುಣಿಕೆಯನ್ನು ಬಿಚ್ಚಿ ನೇರಮಾಡಿ ಮತ್ತೆ ಅದೇ ತಂತಿಯಲ್ಲಿ ಕುಣಿಕೆ ಹಾಕುವ ಮಿತವ್ಯಯದ ಬುದ್ಧಿ ಆಮೇಲೆ ತಾನಾಗಿಯೇ ದೂರವಾಗುತ್ತದೆ. ಹಾಗೆ ಉಳಿಸಿದ ಎರಡು ಸೆಂಟಿಮೀಟರ್ ತಂತಿಗಾಗಿ ಮದುವೆಮನೆಯ ನಡುವೆ ಸರ ಕಳಚಿ ಮಣಿಗಳೆಲ್ಲ ಜಮಖಾನೆಯ ಮೇಲೆ ಉರುಳಿದ ಪ್ರಸಂಗಗಳು ಕಡಿಮೆಯೇನಿಲ್ಲ.

ಬಿರುಸಾದ ಬರಿಯ ತಾಮ್ರವನ್ನು ಮತ್ತೆ ಮೆದುಮಾಡಬಹುದು. ಅಡುಗೆಯ ಗ್ಯಾಸ್ ಒಲೆಯ ಉರಿಯಲ್ಲಿ ಚಿಮಟದಿಂದ ಹಿಡಿದು ಮಬ್ಬು ಕೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಹರಳುಗಳು ಮರುಜೋಡಣೆಗೊಂಡು ತಂತಿ ಮೊದಲಿನಂತಾಗುತ್ತದೆ. ಮಬ್ಬು ಕೆಂಪು ಹಗಲಿನ ಬೆಳಕಿನಲ್ಲಿ ಕಾಣದಾದ್ದರಿಂದ ಕೋಣೆ ಸ್ವಲ್ಪ ಕತ್ತಲಾಗಿರಬೇಕು. ಲೇಪನವಿರುವ ತಂತಿಗೆ, ಹಿತ್ತಾಳೆಗೆ, ಅಲ್ಯೂಮಿನಿಯಂಗೆ ಈ ಉಪಚಾರವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಅಲ್ಯೂಮಿನಿಯಂ ಕೆಂಪಾಗುವ ಮುನ್ಸೂಚನೆಯನ್ನು ಕೊಡದೆಯೇ ಕರಗಿಬಿಡುತ್ತದೆ. ಹಿತ್ತಾಳೆ ಅತಿಯಾಗಿ ಕಾದರೆ ಸತುವಿನ ಹೊಗೆ ಏಳುತ್ತದೆ.

ಬಿರುಸಾಗುವುದು ಯಾವಾಗಲೂ ದೋಷವೇ ಎಂದೇನಲ್ಲ. ಆಕಾರ ಪೂರ್ಣವಾದ ಕೊಂಡಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಿರುಸಾಗಿ, ಸರದ ಭಾರಕ್ಕೆ ಬಾಯಿಬಿಡದೆ ನಿಲ್ಲುತ್ತದೆ.

ಕುಣಿಕೆ

ಈ ಕೆಲಸಕ್ಕೆ ಮೂರು ಉಪಕರಣಗಳು ಸಾಕು. ತುದಿಯವರೆಗೂ ದುಂಡಗೆ ಮೊನಚಾಗಿರುವ ಇಕ್ಕಳ ಒಂದು, ಒಳಮೈ ಚಪ್ಪಟೆಯಾಗಿ ಹಲ್ಲುಗಳಿಲ್ಲದೆ ನಯವಾಗಿರುವ ಇಕ್ಕಳ ಒಂದು, ತಂತಿ ಕತ್ತರಿಸುವ ಕಟ್ಟರ್ ಒಂದು. ಮನೆಯಲ್ಲಿ ಆಗಲೇ ಇರುವ ಎಲೆಕ್ಟ್ರಿಷಿಯನ್ ಇಕ್ಕಳಕ್ಕೆ ಹಲ್ಲುಗಳಿರುವುದರಿಂದ ತಂತಿಯ ಮೇಲೆ ಗಾಯವಾಗುತ್ತದೆ. ಅದರ ಬಾಯಿಗೆ ಬಟ್ಟೆಯ ಟೇಪು ಸುತ್ತಿ ಕೆಲವು ಕಾಲ ನಡೆಸಬಹುದು. ಹರಡಿದ ದಪ್ಪ ಬಟ್ಟೆಯ ಮೇಲೆ ಕೆಲಸ ಮಾಡಿದರೆ ಮಣಿಗಳು ಉರುಳುವುದಿಲ್ಲ.

ಇಡೀ ವಿದ್ಯೆಯ ಬುನಾದಿ ಕುಣಿಕೆ. ಬೆಸುಗೆಯಿಲ್ಲದ ಈ ಆಭರಣದಲ್ಲಿ ಎಲ್ಲ ಜೋಡಣೆಯೂ ಕುಣಿಕೆಯಿಂದಲೇ ಆಗಬೇಕು. ತಲೆ ಇರುವ ಗುಂಡುಸೂಜಿಯಂತಹ ತಂತಿಯಲ್ಲಿ ಮಣಿಯನ್ನು ಏರಿಸಿ, ಮಣಿಯ ಮೇಲೆ ಸುಮಾರು 10 ಮಿಲಿಮೀಟರ್ ಉಳಿಯುವಂತೆ ಕತ್ತರಿಸಿಕೊಳ್ಳಬೇಕು. ಮಣಿಗೆ ತಾಗಿದಂತೆಯೇ ತಂತಿಯನ್ನು ಲಂಬಕೋನಕ್ಕೆ ಬಾಗಿಸಬೇಕು. ಇದನ್ನು ಮಾಡದೆ ನೇರವಾಗಿ ಸುತ್ತಿದರೆ ಕುಣಿಕೆ ಮಣಿಯ ನಡುನೆತ್ತಿಯ ಮೇಲೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತದೆ. ಅನಂತರ ತಂತಿಯ ಕೊನೆಯನ್ನು ದುಂಡು ಇಕ್ಕಳದಲ್ಲಿ ಹಿಡಿದು ಬಾಗಿದ ದಿಕ್ಕಿಗೆ ವಿರುದ್ಧವಾಗಿ ಮಣಿಕಟ್ಟನ್ನು ತಿರುಗಿಸಬೇಕು. ಕೈ ತಿರುಗುವಷ್ಟು ತಿರುಗಿದ ಮೇಲೆ ಇಕ್ಕಳವನ್ನು ಸಡಿಲಿಸಿ ಮತ್ತೆ ಹಿಡಿದು ಸುತ್ತನ್ನು ಮುಗಿಸಬೇಕು. ಇಕ್ಕಳದ ಮೂತಿ ಬುಡದ ಕಡೆ ದಪ್ಪ, ತುದಿಯ ಕಡೆ ತೆಳು. ಎಲ್ಲ ಕುಣಿಕೆಗಳೂ ಒಂದೇ ಅಳತೆಗೆ ಬರಬೇಕಾದರೆ ಪ್ರತಿ ಸಲವೂ ಮೂತಿಯ ಒಂದೇ ಜಾಗವನ್ನು ಬಳಸಬೇಕು. ಆ ಜಾಗದಲ್ಲಿ ಪೆನ್ನಿನಿಂದ ಗೆರೆ ಹಾಕಿಕೊಳ್ಳುವುದು ಹಳಬರ ಉಪಾಯ. ಮೊದಲ ಇಪ್ಪತ್ತು ಕುಣಿಕೆಗಳು ಕೆಟ್ಟದಾಗಿ ಬಂದೇ ಬರುತ್ತವೆ, ಅದಕ್ಕೆ ಬೇಸರಪಡಬೇಕಿಲ್ಲ.

ಈ ಸರಳ ಕುಣಿಕೆ ಎಳೆತಕ್ಕೆ ಬಾಯಿಬಿಡಬಹುದು. ಭಾರದ ಮಣಿಗೆ, ಬೆಲೆಬಾಳುವ ಮುತ್ತಿಗೆ, ದಿನನಿತ್ಯ ತೊಡುವ ಸರಕ್ಕೆ ಸುತ್ತುಗುಣಿಕೆಯೇ ಬೇಕು. ಇದರಲ್ಲಿ ಮಣಿಯ ಮೇಲೆ 2 ಅಥವಾ 3 ಮಿಲಿಮೀಟರ್ ಕೊರಳು ಬಿಟ್ಟು ತಂತಿಯನ್ನು ಬಾಗಿಸಿ, ಇಕ್ಕಳದ ಮೂತಿಯ ಸುತ್ತ ಕುಣಿಕೆ ಹಾಕಿ, ಉಳಿದ ಬಾಲವನ್ನು ಆ ಕೊರಳಿಗೆ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಬೇಕು. ಬಾಲದ ತುದಿಯನ್ನು ಕತ್ತರಿಸಿ ಚಪ್ಪಟೆ ಇಕ್ಕಳದಿಂದ ಒಳಕ್ಕೆ ಒತ್ತದಿದ್ದರೆ ಸೀರೆಯ ನೂಲನ್ನೆಲ್ಲ ಅದು ಎಳೆಯುತ್ತದೆ. ಮುಂದಿನ ಮಣಿಯನ್ನು ಕೂಡಿಸಬೇಕಾದ ಕುಣಿಕೆಯನ್ನು ಸುತ್ತುವುದಕ್ಕೆ ಮೊದಲೇ ಅದರೊಳಗೆ ತೂರಿಸಿಕೊಳ್ಳತಕ್ಕದ್ದು, ಸುತ್ತಿದ ಮೇಲೆ ಬಾಗಿಲು ಮುಚ್ಚಿದಂತೆ.

ಅಂಗಡಿಗಳಲ್ಲಿ ಜಂಪ್ ರಿಂಗ್ ಎಂದು ಕರೆಯುವ ಜೋಡಣೆಯ ಪುಟ್ಟ ಬಳೆಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 5 ಮಿಲಿಮೀಟರ್ ದಪ್ಪದ ಕಡ್ಡಿಗೆ 20ನೆಯ ನಂಬರಿನ ತಂತಿಯನ್ನು ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿ, ಕಡ್ಡಿಯಿಂದ ಜಾರಿಸಿ, ಒಂದೊಂದೇ ಸುತ್ತನ್ನು ಕತ್ತರಿಸಿದರಾಯಿತು. ಒಂದು ಬಳೆಗೆ ಸುಮಾರು 18.5 ಮಿಲಿಮೀಟರ್ ತಂತಿ ಹಿಡಿಯುವುದರಿಂದ ಒಂದು ಮೀಟರಿನಲ್ಲಿ ಸುಮಾರು 50 ಬಳೆಗಳು ದೊರೆಯುತ್ತವೆ. ಇವನ್ನು ತೆರೆಯುವಾಗ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ಹಿಗ್ಗಿಸಬಾರದು. ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಸರಿಸಬೇಕು. ಹಿಗ್ಗಿಸಿದ ಬಳೆ ಮತ್ತೆ ಎಂದೂ ದುಂಡಗಾಗುವುದಿಲ್ಲ, ಆ ಸಂದಿನಿಂದಲೇ ಸರ ಜಾರಿಹೋಗುತ್ತದೆ. ಕಳಚಿಬಿದ್ದ ಸರಗಳಲ್ಲಿ ಬಹಳಷ್ಟರ ಮೂಲ ಈ ಸಣ್ಣ ತಪ್ಪು.

ಒಂದು ಸರದ ಲೆಕ್ಕವನ್ನು ನೋಡಬಹುದು. ಕೊರಳಿನ ಸರ ಸಾಮಾನ್ಯವಾಗಿ 45 ಸೆಂಟಿಮೀಟರ್. 8 ಮಿಲಿಮೀಟರ್ ಮಣಿಗಳನ್ನು ದಾರದಲ್ಲಿ ಒತ್ತೊತ್ತಾಗಿ ಪೋಣಿಸಿದರೆ 56 ಮಣಿ ಬೇಕು. ಪ್ರತಿ ಮಣಿಯ ಎರಡೂ ಕಡೆ ಸರಳ ಕುಣಿಕೆ ಹಾಕಿ ಸರಪಣಿಯಂತೆ ಕೂಡಿಸಿದರೆ ಸುಮಾರು 30 ಮಣಿ ಸಾಕು. ಮಣಿಯೊಂದಕ್ಕೆ 35 ಮಿಲಿಮೀಟರಿನಂತೆ ತಂತಿ ಒಂದು ಮೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಸುತ್ತುಗುಣಿಕೆಯಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು. ದುಬಾರಿ ಮಣಿಗಳನ್ನು ಕೊಳ್ಳುವವರಿಗೆ ತಂತಿಯ ಈ ಕ್ರಮ ಹಣವನ್ನೂ ಉಳಿಸುತ್ತದೆ.

ಶುಚಿ ಮತ್ತು ಎಚ್ಚರ

ಮನೆಗಳಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ಪದ್ಧತಿ ಇದೆ. ತಂತಿಯನ್ನೂ ಹಾಗೆಯೇ ಬೆಳಗಬಹುದು, ಆದರೆ ಮಣಿ ಪೋಣಿಸುವುದಕ್ಕೆ ಮೊದಲು. ಮುತ್ತು, ಹವಳ ಮತ್ತು ಶಂಖ ಮೂಲತಃ ಸುಣ್ಣದ ಜಾತಿಯವು. ಹುಣಸೆ, ನಿಂಬೆ, ವಿನಿಗರ್ ಇವುಗಳ ಹುಳಿ ತಾಕಿದರೆ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ, ಆ ಹೊಳಪು ಮತ್ತೆ ಬರುವುದಿಲ್ಲ. ಅಜ್ಜಿಯ ಕಾಲದ ಹವಳದ ಸರವನ್ನು ಹಬ್ಬದ ಹಿಂದಿನ ದಿನ ಹುಣಸೆನೀರಿನಲ್ಲಿ ಅದ್ದಿ ಕೆಡಿಸಿಕೊಂಡವರಿದ್ದಾರೆ. ಇಂತಹವನ್ನು ಒದ್ದೆ ಮಾಡಿ ಹಿಂಡಿದ ಮೆದುಬಟ್ಟೆಯಿಂದ ಒರೆಸಿದರೆ ಸಾಕು.

ತಂತಿ ಕತ್ತರಿಸುವಾಗ ಬಾಲದ ತುಂಡು ಗುಂಡಿನಂತೆ ಹಾರುತ್ತದೆ. ಕತ್ತರಿಸುವ ತುದಿಯನ್ನು ಇನ್ನೊಂದು ಕೈಯ ಬೆರಳಿನಿಂದ ಮುಚ್ಚಿ ಹಿಡಿಯುವುದು, ಕನ್ನಡಕ ಧರಿಸುವುದು ಅವಶ್ಯಕ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ಮೇಲೆ ನೆಲವನ್ನು ಒಂದು ಅಯಸ್ಕಾಂತದಿಂದ ನೋಡಿದರಾಯಿತೆಂದು ಭಾವಿಸುವಂತಿಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಮಣಿಗಳು ಮಕ್ಕಳ ಬಾಯಿ, ಮೂಗು, ಕಿವಿಗಳನ್ನು ಸೇರುವ ಅಪಾಯವಿರುವುದರಿಂದ ಮುಚ್ಚಳ ತಿರುಗಿಸುವ ಡಬ್ಬಿಯಲ್ಲಿಡತಕ್ಕದ್ದು.

ಗುಲಗಂಜಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕೆಂಪು ಮೈ, ಕಪ್ಪು ಕಣ್ಣಿನ ಈ ಬೀಜವನ್ನು ಒಂದು ಕಾಲದಲ್ಲಿ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದರು. ನೋಡಲು ಸಿದ್ಧವಾದ ಮಣಿಯಂತೆಯೇ ಇರುವುದರಿಂದ ಇದನ್ನು ಪೋಣಿಸುವ ಆಸೆ ಯಾರಿಗಾದರೂ ಬಂದೀತು. ಆದರೆ ಇದರೊಳಗೆ ಆಬ್ರಿನ್ ಎಂಬ ತೀವ್ರ ವಿಷವಿದೆ. ಗಟ್ಟಿ ಸಿಪ್ಪೆ ಇರುವವರೆಗೆ ವಿಷ ಒಳಗೇ ಇರುತ್ತದೆ. ತೂತು ಕೊರೆದೊಡನೆ ದಾರಿ ತೆರೆದಂತಾಗುತ್ತದೆ. ಕೊರೆಯುವಾಗ ಏಳುವ ಹುಡಿಯೂ, ಆ ಸರವನ್ನು ಬಾಯಿಗಿಡುವ ಮಗುವಿನ ಚಪಲವೂ ಪ್ರಾಣಕ್ಕೆ ಎರವಾಗಬಹುದು. ಗುಲಗಂಜಿಯನ್ನು ಆಭರಣಕ್ಕೆ ಬಳಸಲೇಬಾರದು.

ಕಲ್ಲಿನ ಮಣಿಯ ಹಿಂದೆ

ಗುಜರಾತಿನ ಖಂಭಾತ್ ಇಂದಿಗೂ ಅಕೀಕ್ ಮಣಿಗಳ ತವರು. ಲೋಥಲ್‌ನಿಂದ ಹೆಚ್ಚು ದೂರವಿಲ್ಲದ ಈ ಊರಿನಲ್ಲಿ ಕಲ್ಲನ್ನು ಕಾಯಿಸಿ, ಸಿಡಿಸಿ, ಸಾಣೆ ಹಿಡಿದು ಮಣಿಯಾಗಿಸುವ ಕಸುಬು ಮನೆಮನೆಯಲ್ಲಿ ನಡೆದುಬಂದಿದೆ. ಆದರೆ ಅಕೀಕ್ ಎಂದರೆ ಬಹುತೇಕ ಸಿಲಿಕಾ. ಒಣ ಸಾಣೆಗಲ್ಲಿಗೆ ಅದನ್ನು ಒತ್ತಿದಾಗ ಏಳುವ ಸೂಕ್ಷ್ಮ ದೂಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಕಲೆಗಟ್ಟಿಸುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಈ ರೋಗವಿರುವವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಸಾಣೆ ಹಿಡಿಯುವವರಷ್ಟೇ ಅಲ್ಲದೆ ಅದೇ ಸೂರಿನಡಿ ಅಡುಗೆ ಮಾಡುವವರು, ಮಲಗುವವರು ಸಹ ಆ ದೂಳನ್ನು ಉಸಿರಾಡುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಈ ಕಸುಬುದಾರರ ಅಧ್ಯಯನ ನಡೆಸಿ, ದೂಳನ್ನು ಹುಟ್ಟಿದೆಡೆಯಲ್ಲಿಯೇ ಹೀರಿಕೊಳ್ಳುವ ಸಾಧನಗಳನ್ನು ರೂಪಿಸಿದೆ. ಆದರೆ ಸಾಧನಕ್ಕೆ ವಿದ್ಯುತ್ ಬೇಕು, ವಿದ್ಯುತ್ತಿಗೆ ಹಣ ಬೇಕು. ಮಣಿಯೊಂದಕ್ಕೆ ದೊರೆಯುವ ಕೂಲಿಯಾದರೋ ಅತ್ಯಲ್ಪ.

ಮಾರುಕಟ್ಟೆಯಲ್ಲಿ ಒಂದು ಸರದಷ್ಟು ಕೆಂಪು ಮಣಿಗಳನ್ನು ಅಗ್ಗವಾಗಿ ಕೊಂಡೆವೆಂದು ಸಂತೋಷಪಡುವವರಿಗೆ ಈ ಸಂಗತಿ ತಿಳಿದಿರುವುದು ಒಳ್ಳೆಯದು. ಕರಕುಶಲ ಮೇಳಗಳಲ್ಲಿ ತಯಾರಕರಿಂದಲೇ ನೇರವಾಗಿ ಕೊಳ್ಳುವಾಗ ಸಾಣೆ ಹೇಗೆ ಹಿಡಿಯುತ್ತಾರೆಂದು ವಿಚಾರಿಸಬಹುದು, ಚೌಕಾಸಿಯ ಜೋರನ್ನು ತುಸು ತಗ್ಗಿಸಬಹುದು. ಮನೆಯಲ್ಲಿ ತಾವೇ ಕಲ್ಲಿನ ಮಣಿಯ ತೂತನ್ನು ಹಿಗ್ಗಿಸಲು ಹೊರಡುವ ಹವ್ಯಾಸಿಗಳು ಕಲ್ಲನ್ನು ನೀರಿನಲ್ಲಿ ಮುಳುಗಿಸಿಕೊಂಡೇ ಕೈಯಿಂದ ಕೊರೆಯತಕ್ಕದ್ದು. ವಿದ್ಯುತ್ ಚಾಲಿತ ಉಪಕರಣವನ್ನು ನೀರಿನ ಹತ್ತಿರ ತರಬಾರದು. ಒಣಗಿದ ಕೆಸರನ್ನು ಗುಡಿಸದೆ ಒದ್ದೆಯಾಗಿರುವಾಗಲೇ ಒರೆಸಿ ತೆಗೆಯಬೇಕು.

ಎಲ್ಲಿ ಕೊಳ್ಳುವುದು, ಎಲ್ಲಿ ಕಲಿಯುವುದು

ಮಹಾನಗರಗಳಲ್ಲಿ ನೆಲಸಿರುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ಮುಂಬಯಿಯ ಭುಲೇಶ್ವರ, ಪುಣೆಯ ರವಿವಾರ ಪೇಟೆ, ಚೆನ್ನೈನ ಸೌಕಾರ್‌ಪೇಟೆ, ಹೈದರಾಬಾದಿನ ಬೇಗಂ ಬಜಾರ್, ದೆಹಲಿಯ ಸದರ್ ಬಜಾರ್ ಮತ್ತು ಕಿನಾರಿ ಬಜಾರ್‌ಗಳಲ್ಲಿ ಮಣಿ, ಕೊಂಡಿ, ಇಕ್ಕಳಗಳು ದೊರೆಯುತ್ತವೆ. ತಂತಿಯ ಕೆಲಸ ಎಷ್ಟು ದೂರ ಹೋಗಬಲ್ಲದೆಂದು ನೋಡಬಯಸುವವರು ತೆಲಂಗಾಣದ ಕರೀಂನಗರದ ಅಥವಾ ಒಡಿಶಾದ ಕಟಕ್‌ನ ಬೆಳ್ಳಿಯ ತಂತಿ ಕುಸುರಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕು. ಅದು ಬೆಸುಗೆಯ ವಿದ್ಯೆ, ವಂಶಪಾರಂಪರ್ಯವಾಗಿ ಬಂದುದು. ಹವ್ಯಾಸಿಯ ಅಳವಿಗೆ ಸಿಕ್ಕುವುದಲ್ಲ, ಆದರೆ ಕಣ್ಣಿಗೆ ಪಾಠ.

ತರಬೇತಿ ಪಡೆಯಲಿಚ್ಛಿಸುವವರು ತಮ್ಮ ಜಿಲ್ಲೆಯ ಜನ ಶಿಕ್ಷಣ ಸಂಸ್ಥಾನದಲ್ಲಿ ವಿಚಾರಿಸಬಹುದು. 1967ರಲ್ಲಿ ಮುಂಬಯಿಯಲ್ಲಿ ಶ್ರಮಿಕ ವಿದ್ಯಾಪೀಠ ಎಂಬ ಹೆಸರಿನಿಂದ ಆರಂಭವಾದ ಈ ವ್ಯವಸ್ಥೆ 2000ದಲ್ಲಿ ಈಗಿನ ಹೆಸರನ್ನು ಪಡೆಯಿತು, 2018ರಲ್ಲಿ ಕೌಶಲ ಅಭಿವೃದ್ಧಿ ಸಚಿವಾಲಯದ ಅಧೀನಕ್ಕೆ ಬಂದಿತು. ಓದುಬರಹ ಬಾರದವರಿಗೆ, ನಡುವೆಯೇ ಶಾಲೆ ಬಿಟ್ಟವರಿಗೆ ಇಲ್ಲಿ ಆದ್ಯತೆ. ಕಲಿಸುವ ಕಸುಬುಗಳು ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗಿರುತ್ತವೆ. ಹವ್ಯಾಸ ಮುಂದೆ ಕಸುಬೇ ಆದರೆ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ನೀಡುವ ‘ಪೆಹಚಾನ್’ ಗುರುತಿನ ಚೀಟಿಯ ಬಗ್ಗೆ ತಿಳಿದುಕೊಳ್ಳಬಹುದು.

ಕಸುಬಿನ ಮಾತು ಬಂದಾಗ ಒಂದು ಮೋಸದ ವಿಚಾರವನ್ನು ಹೇಳದಿರಲಾಗದು. ‘ಮನೆಯಲ್ಲಿಯೇ ಕುಳಿತು ಮಣಿ ಪೋಣಿಸಿ, ತಿಂಗಳಿಗೆ ಸಾವಿರಾರು ರೂಪಾಯಿ ಗಳಿಸಿ’ ಎಂಬ ಜಾಹೀರಾತುಗಳು ಹಿಂದೆ ಗೋಡೆಗಳ ಮೇಲೆ ಕಾಣುತ್ತಿದ್ದವು, ಈಗ ಮೊಬೈಲಿನಲ್ಲಿ ಬರುತ್ತವೆ. ಸಾಮಗ್ರಿಗೆಂದು ಮೊದಲೇ ಠೇವಣಿ ಕೇಳುತ್ತಾರೆ. ವಾರಗಟ್ಟಲೆ ಕಣ್ಣುನೋಯಿಸಿಕೊಂಡು ಪೋಣಿಸಿದ ಸರಗಳನ್ನು ‘ಗುಣಮಟ್ಟ ಸಾಲದು’ ಎಂದು ತಿರಸ್ಕರಿಸುತ್ತಾರೆ, ಇಲ್ಲವೆ ದೂರವಾಣಿಯನ್ನೇ ಎತ್ತುವುದಿಲ್ಲ. ಕೂಲಿ ಕೊಡುವವರು ಕೂಲಿಯಾಳಿನಿಂದ ಹಣ ಕೇಳುವುದು ಯಾವ ನ್ಯಾಯವಾದ ಉದ್ಯೋಗದಲ್ಲಿಯೂ ಇಲ್ಲ. ಹೀಗೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾ­ಡಬೇಕು. ಅಂಗಡಿಯಲ್ಲಿ ಕೊಂಡ ಸಾಮಗ್ರಿಯ ಬಗೆಗಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮಾರಾಟಕ್ಕಿಂತ ಮೊದಲು ಈ ವಿದ್ಯೆ ಉಪಯೋಗಕ್ಕೆ ಬರುವುದು ಬಹುಶಃ ಮನೆಯ ಹಳೆಯ ಸರಗಳ ದುರಸ್ತಿಗೆ. ಹಿಂದೆ ಊರಿನ ಪೇಟೆಯಲ್ಲಿ ಸರ ಪೋಣಿಸಿಕೊಡುವವರು ಇರುತ್ತಿದ್ದರು. ಮಹಾರಾಷ್ಟ್ರದಲ್ಲಿ ಅವರನ್ನು ಪಟವೇಕರಿ ಎಂದೂ ಉತ್ತರದಲ್ಲಿ ಪಟವಾ ಎಂದೂ ಕರೆಯುತ್ತಾರೆ. ಅಂಥವರು ಈಗ ಎಲ್ಲ ಬಡಾವಣೆಗಳಲ್ಲಿಯೂ ಸಿಗುವುದಿಲ್ಲ. ಹರಿಯುವ ಹಂತಕ್ಕೆ ಬಂದ ಕರಿಮಣಿ ಸರವನ್ನು ಬಿಚ್ಚುವಾಗ ಮಣಿ, ಗುಂಡು, ಹವಳಗಳ ಕ್ರಮವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು, ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಮನೆತನದಿಂದ ಮನೆತನಕ್ಕೆ ಆ ಕ್ರಮ ಬೇರೆಯಾಗಿರುತ್ತದೆ. ಚಿನ್ನದ ಗುಂಡುಗಳು ಮೆದುವಾದ್ದರಿಂದ ಅವುಗಳ ತೂತಿನ ಅಂಚನ್ನು ತಾಮ್ರದ ತಂತಿ ಸವೆಸುತ್ತದೆ. ಚಿನ್ನದ ತಂತಿ ಇಲ್ಲದಿದ್ದಲ್ಲಿ ಗಟ್ಟಿ ರೇಷ್ಮೆ ದಾರವೇ ಅದಕ್ಕೆ ತಕ್ಕುದು. ಮುತ್ತಿನ ಸರವಾದರೆ ಪ್ರತಿ ಮುತ್ತಿನ ನಡುವೆ ಒಂದು ಗಂಟು ಹಾಕತಕ್ಕದ್ದು. ಗಂಟು ಇದ್ದಲ್ಲಿ ಮುತ್ತುಗಳು ಒಂದನ್ನೊಂದು ಉಜ್ಜುವುದಿಲ್ಲ, ದಾರ ಹರಿದರೂ ಉದುರುವುದು ಒಂದೇ ಮುತ್ತು.